ಜೀವಕೋಶ ಎಷ್ಟು ಸಣ್ಣದು? — ಅಳೆದು ತಿಳಿಸುವ ಬಗೆ

ಕನ್ನಡ ಪಂಡಿತನಾದವನು ಜೀವಕೋಶದ ಅಳತೆಯನ್ನು ಕುರಿತು ಲೇಖನಿ ಹಿಡಿದುದನ್ನು ಕಂಡು ಈ ಸಂಚಿಕೆಯ ವಾಚಕರಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ವ್ಯಾಕರಣ, ಛಂದಸ್ಸು, ಅಲಂಕಾರಗಳಲ್ಲಿ ಬಾಳು ಸವೆಸಿದವನಿಗೆ ಸೂಕ್ಷ್ಮದರ್ಶಕದೊಡನೆ ಏನು ನಂಟು ಎಂದು ಕೇಳುವುದೂ ಸಹಜವೇ. ಈ ನಂಟು ಬೆಳೆದುದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ನಿವೇದಿಸಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದಾಗ, ಎಂಟನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅವರು ಬರೆದಿಟ್ಟುಹೋಗಿದ್ದ ಮಾದರಿ ಉತ್ತರಗಳ ನೆರವಿನಿಂದ ನಾನು ತಿದ್ದಬೇಕಾಯಿತು. ಉಳ್ಳಾಗಡ್ಡಿಯ ಪೊರೆಯಲ್ಲಿರುವ ಜೀವಕೋಶದ ಗಾತ್ರವೆಷ್ಟೆಂಬುದು ಅದರಲ್ಲೊಂದು ಪ್ರಶ್ನೆ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ‘ಅತ್ಯಂತ ಸೂಕ್ಷ್ಮವಾದುದು, ಬರಿಗಣ್ಣಿಗೆ ಕಾಣದು’ ಎಂದು ಬರೆದಿದ್ದರು. ಮಾದರಿ ಉತ್ತರವೂ ಅದೇ ಆಗಿದ್ದುದರಿಂದ ಪೂರ್ಣಾಂಕ ಕೊಟ್ಟೆನು. ಒಬ್ಬ ಹುಡುಗ ಮಾತ್ರ ‘ಉದ್ದ ೪ ಸೆಂಟಿಮೀಟರು’ ಎಂದು ಬರೆದಿದ್ದನು. ನಗು ಬಂದಿತು, ಸೊನ್ನೆ ಹಾಕಿದೆನು.

ಮರುದಿನ ಆ ಹುಡುಗ ಪುಸ್ತಕ, ಅಳತೆಪಟ್ಟಿ ಎರಡನ್ನೂ ಹಿಡಿದು ನನ್ನ ಮುಂದೆ ನಿಂತನು. “ಸ್ಕೇಲು ಇಟ್ಟೇ ಅಳತಿ ಮಾಡೀನ್ರೀ ಗುರುಗಳೇ, ನಾಕು ಸೆಂಟಿಮೀಟರ್ ಐತ್ರಿ” ಎಂದನು. ನೋಡಿದರೆ ಅವನು ಪುಸ್ತಕದಲ್ಲಿ ಅಚ್ಚಾಗಿದ್ದ ಚಿತ್ರವನ್ನು ಅಳೆದಿದ್ದನು. ಅಳತೆಯಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಇಡೀ ತರಗತಿಯಲ್ಲಿ ಅಳತೆಗೆ ಕೈಹಾಕಿದವನು ಅವನೊಬ್ಬನೇ. ಸೊನ್ನೆ ಪಡೆದವನೂ ಅವನೊಬ್ಬನೇ. ಉಳಿದವರು ಮಾತನ್ನು ಒಪ್ಪಿಸಿ ಅಂಕ ಪಡೆದಿದ್ದರು. ಅಂದಿನ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಮಾತಿನಲ್ಲಿರುವ ಕೊರತೆ

ಸಂಸ್ಕೃತದಲ್ಲಿ ಗುಣವಾಚಕಕ್ಕೆ ‘ತರ’, ‘ತಮ’ ಎಂಬ ಪ್ರತ್ಯಯಗಳು ಹತ್ತುತ್ತವೆ: ಲಘು, ಲಘುತರ, ಲಘುತಮ. ಈ ಎರಡು ಪ್ರತ್ಯಯಗಳು ಕೂಡಿಯೇ ‘ತಾರತಮ್ಯ’ ಎಂಬ ಮಾತಾಯಿತು. ಕನ್ನಡದ ನಡೆ ಬೇರೆ. ನಾವು ‘ಇದಕ್ಕಿಂತ ಅದು ಸಣ್ಣದು’ ಎನ್ನುತ್ತೇವೆ. ಹೋಲಿಕೆಗೆ ಎರಡನೆಯ ವಸ್ತುವೊಂದನ್ನು ಕರೆದು ತಂದು ನಿಲ್ಲಿಸಿದ ಹೊರತು ನಮ್ಮ ವಾಕ್ಯ ಮುಗಿಯುವುದಿಲ್ಲ. ಇದು ನಮ್ಮ ನುಡಿಯ ಸೊಗಸು ಮಾತ್ರವಲ್ಲದೆ ವಿಜ್ಞಾನದ ಪಾಠಕ್ಕೆ ಒದಗುವ ಉಪಾಯವೂ ಹೌದು. ‘ಜೀವಕೋಶ ಸಣ್ಣದು’ ಎಂದು ಯಾವ ಮಗುವಾದರೂ ಹೇಳಿದರೆ ಅಧ್ಯಾಪಕನು ಎರಡು ಪ್ರಶ್ನೆಗಳನ್ನು ಕೇಳಬೇಕು: ಯಾವುದಕ್ಕಿಂತ? ಎಷ್ಟು ಪಟ್ಟು? ಈ ಎರಡಕ್ಕೂ ಉತ್ತರ ದೊರೆತಾಗಲೇ ಆ ಮಾತು ಪೂರ್ಣವಾದಂತೆ. ಈ ಲೇಖನದಲ್ಲಿ ನಾನು ಹೇಳಬೇಕಾದುದು ಇಷ್ಟೇ; ಮುಂದಿನದೆಲ್ಲ ಇದನ್ನು ತರಗತಿಯಲ್ಲಿ ನಡೆಸುವ ಕ್ರಮ.

ಸಣ್ಣದನ್ನು ಅಳೆಯಬೇಕೆಂಬ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಣುವಿನಿಂದ ಮೊದಲಾಗಿ ತ್ರಸರೇಣು, ರಥರೇಣು, ಕೂದಲು, ಲಿಕ್ಷ, ಎಳ್ಳು, ಯವ, ಅಂಗುಲ ಎಂದು ಎಂಟೆಂಟು ಪಟ್ಟಿನ ಮೆಟ್ಟಿಲುಗಳನ್ನು ಹೇಳಿದೆ. ಕಣ್ಣಿಗೆ ಕಾಣುವ ಅಂಗುಲದಿಂದ ಕಾಣದ ಅಣುವಿನವರೆಗೆ ಬುದ್ಧಿಯಿಂದ ಇಳಿದುಹೋದ ಏಣಿಯದು. ಇಳಿದು ನೋಡುವ ಮಸೂರ ಆಗ ಇರಲಿಲ್ಲ. ಇಂದಿನ ಮಗುವಿಗೆ ಏಣಿಯೂ ಇದೆ, ಮಸೂರವೂ ಇದೆ.

ಮಸೂರದ ಮೂಲಕ ಕಂಡದ್ದನ್ನು ಎಣಿಸಿದವರಲ್ಲಿ ಮೊದಲಿಗನೆಂದು ಇಂಗ್ಲೆಂಡಿನ ರಾಬರ್ಟ್ ಹುಕ್‌ನನ್ನು ಹೇಳಬೇಕು. ೧೬೬೫ರಲ್ಲಿ ಪ್ರಕಟವಾದ ತನ್ನ ‘ಮೈಕ್ರೋಗ್ರಾಫಿಯ’ ಗ್ರಂಥದಲ್ಲಿ ಅವನು ಬೆಂಡಿನ ತೆಳುಹಾಳೆಯಲ್ಲಿ ಕಂಡ ಗೂಡುಗಳನ್ನು ಜೇನುಹುಟ್ಟಿಗೆ ಹೋಲಿಸಿ ‘ಸೆಲ್’ ಎಂದು ಕರೆದನು. ಆ ನುಡಿಯಲ್ಲಿ ಜೇನಿನ ಗೂಡಿಗೂ ಸನ್ಯಾಸಿಯ ಕಿರುಕೋಣೆಗೂ ಅದೇ ಹೆಸರು. ನಾವು ಅದನ್ನು ‘ಕೋಶ’ ಎಂದೆವು. ಭಂಡಾರಕ್ಕೂ ನಿಘಂಟಿಗೂ ಸಲ್ಲುವ ಹೆಸರು ಅದು. ಒಳಗೆ ಏನನ್ನೋ ಕಾಪಾಡಿಟ್ಟುಕೊಂಡಿರುವುದೆಂಬ ಅರ್ಥ ಬರುವುದರಿಂದ ನಮ್ಮ ಪದ ಮೇಲೆಂದೇ ನನ್ನ ಭಾವನೆ.

ಹುಕ್ ಹೆಸರಿಟ್ಟುದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಎಣಿಸಿದುದನ್ನು ಹೇಳುವ ಪುಸ್ತಕಗಳು ವಿರಳ. ಒಂದು ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು ೬೦ ಗೂಡುಗಳು ಸಾಲಾಗಿರುವುದನ್ನು ಅವನು ಕಂಡನು. ೬೦ನ್ನು ೧೮ರಿಂದ ಗುಣಿಸಿದರೆ ಅಂಗುಲಕ್ಕೆ ೧,೦೮೦. ಚದರ ಅಂಗುಲಕ್ಕೆ ೧೧,೬೬,೪೦೦. ಘನ ಅಂಗುಲಕ್ಕೆ ನೂರಿಪ್ಪತ್ತೈದು ಕೋಟಿಗೂ ಮಿಗಿಲು. ಇದರಲ್ಲಿ ಎಂಟನೆಯ ತರಗತಿಯ ಮಗುವಿಗೆ ನಿಲುಕದ ಗಣಿತ ಯಾವುದೂ ಇಲ್ಲ. ತಿಳಿದ ಉದ್ದವೊಂದರಲ್ಲಿ ಎಷ್ಟು ಹಿಡಿಯುತ್ತವೆಂದು ಎಣಿಸುವುದು, ಬಳಿಕ ಭಾಗಿಸುವುದು. ನಮ್ಮ ಪಾಠಕ್ರಮವೂ ಇದೇ.

ಕಣ್ಣಿಗೆ ಕಾಣುವುದರಿಂದ ಆರಂಭ

ಮೊದಲ ದಿನ ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬಾರದು. ಸಿರುಗುಪ್ಪದ ಮಕ್ಕಳಿಗೆ ತುಂಗಭದ್ರೆಯ ನೀರುಂಡ ಗದ್ದೆಗಳ ಅಕ್ಕಿ ಪರಿಚಿತ ವಸ್ತು. ಒಂದು ಅಕ್ಕಿಕಾಳಿನ ದಪ್ಪವೆಷ್ಟೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹತ್ತು ಕಾಳುಗಳನ್ನು ಮಗ್ಗುಲು ಮಗ್ಗುಲಾಗಿ ಒತ್ತಿ ಜೋಡಿಸಿ, ಒಟ್ಟು ಅಗಲವನ್ನು ಅಳೆದು ಹತ್ತರಿಂದ ಭಾಗಿಸಿದರೆ ಉತ್ತರಗಳು ಹತ್ತಿರ ಹತ್ತಿರ ಬರುತ್ತವೆ. ಒಂದನ್ನು ಅಳೆಯಲಾಗದಿದ್ದರೆ ಹಲವನ್ನು ಅಳೆದು ಹಂಚಬೇಕೆಂಬ ಪಾಠ ಇಲ್ಲಿಯೇ ಆಗುತ್ತದೆ.

ಬಳ್ಳಾರಿ ನಗರದ ಮಕ್ಕಳಿಗೆ ಜೀನ್ಸ್ ಬಟ್ಟೆಯ ಹೊಲಿಗೆ ಹೊಸದಲ್ಲ; ಎಷ್ಟೋ ಮನೆಗಳಿಗೆ ಅದೇ ಅನ್ನದ ದಾರಿ. ಆ ಹೊಲಿಗೆಯ ದಾರವನ್ನು ಪೆನ್ಸಿಲಿಗೆ ಸಂದಿಲ್ಲದಂತೆ ಇಪ್ಪತ್ತು ಸುತ್ತು ಸುತ್ತಿಸಿ ಅಗಲವನ್ನು ಅಳೆಯಿಸಬೇಕು. ಆರು ಮಿಲಿಮೀಟರು ಬಂದಿತೆನ್ನಿ. ಒಂದು ದಾರದ ದಪ್ಪ ೦.೩ ಮಿಲಿಮೀಟರು. ಈ ದಶಾಂಶವನ್ನು ಕಂಡು ಮಕ್ಕಳು ಮುಖ ಸಿಂಡರಿಸಿದಾಗ ಹೊಸ ಮಾನವನ್ನು ಪರಿಚಯಿಸಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರೋಮೀಟರು ಎಂದು ಹೆಸರು. ಆಗ ದಾರ ೩೦೦ ಮೈಕ್ರೋಮೀಟರು. ತಲೆಗೂದಲು ಸುಮಾರು ೭೦. ಹೊಸ ಮಾನ ಏಕೆ ಬೇಕಾಯಿತೆಂಬುದು ತಿಳಿದ ಮೇಲೆ ಬಂದ ಹೆಸರು ಮರೆಯುವುದಿಲ್ಲ.

ದೃಷ್ಟಿಕ್ಷೇತ್ರವೇ ಅಳತೆಗೋಲು

ಎರಡನೆಯ ದಿನ ಸೂಕ್ಷ್ಮದರ್ಶಕ. ಅದರೊಳಗೆ ಇಣುಕಿದಾಗ ಕಾಣುವ ಬೆಳಕಿನ ದುಂಡು ವೃತ್ತಕ್ಕೆ ದೃಷ್ಟಿಕ್ಷೇತ್ರವೆನ್ನುತ್ತಾರೆ. ಈ ವೃತ್ತದ ಅಡ್ಡಳತೆ ಎಷ್ಟೆಂದು ತಿಳಿದರೆ ಸಾಕು, ಅದೇ ನಮ್ಮ ಅಳತೆಗೋಲು. ಅದನ್ನು ತಿಳಿಯಲು ಬೆಲೆಬಾಳುವ ಸಾಧನ ಬೇಕಿಲ್ಲ. ಮಕ್ಕಳ ಕಂಪಾಸು ಪೆಟ್ಟಿಗೆಯ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿ ಸಾಕು.

ಕಣ್ಣಿನ ಕಡೆಯ ಮಸೂರ ೧೦ ಪಟ್ಟಿನದು, ವಸ್ತುವಿನ ಕಡೆಯದು ೪ ಪಟ್ಟಿನದು ಆಗಿದ್ದರೆ ಒಟ್ಟು ವರ್ಧನೆ ೪೦. ಪಟ್ಟಿಯನ್ನು ವೃತ್ತದ ನಡುವೆ ಹಾಯುವಂತಿಟ್ಟು ಮಿಲಿಮೀಟರಿನ ಗೆರೆಗಳನ್ನು ಎಣಿಸಬೇಕು. ಅಲ್ಲಿ ಗೆರೆಯೇ ಹಗ್ಗದಷ್ಟು ದಪ್ಪ ಕಾಣುವುದರಿಂದ ಒಂದು ಗೆರೆಯ ಎಡ ಅಂಚಿನಿಂದ ಮುಂದಿನ ಗೆರೆಯ ಎಡ ಅಂಚಿನವರೆಗೆ ಒಂದು ಮಿಲಿಮೀಟರೆಂದು ಹಿಡಿಯಬೇಕು. ಶಾಲೆಗಳಲ್ಲಿರುವ ಅನೇಕ ಯಂತ್ರಗಳಲ್ಲಿ ನಾಲ್ಕೂವರೆ ಮಿಲಿಮೀಟರು, ಎಂದರೆ ೪,೫೦೦ ಮೈಕ್ರೋಮೀಟರು, ಕಾಣುತ್ತದೆ. ತಮ್ಮ ಯಂತ್ರದಲ್ಲಿ ಎಷ್ಟೆಂದು ಪ್ರತಿ ಶಾಲೆಯವರೂ ತಾವೇ ಅಳೆದು ಯಂತ್ರದ ಬುಡಕ್ಕೆ ಚೀಟಿ ಅಂಟಿಸುವುದು ಲೇಸು.

ವರ್ಧನೆ ಹೆಚ್ಚಿದಷ್ಟೂ ಕಾಣುವ ನೆಲ ಕುಗ್ಗುತ್ತದೆ. ೪೦ ಪಟ್ಟಿನಲ್ಲಿ ೪,೫೦೦ ಆದರೆ ೧೦೦ ಪಟ್ಟಿನಲ್ಲಿ ೧,೮೦೦. ೪೦೦ ಪಟ್ಟಿನಲ್ಲಿ ೪೫೦ ಮೈಕ್ರೋಮೀಟರು ಮಾತ್ರ. ಇದು ಮಕ್ಕಳಿಗೆ ವಿಲೋಮಾನುಪಾತದ ಸಾಕ್ಷಾತ್ ದರ್ಶನ. ಗಣಿತದ ಅಧ್ಯಾಪಕರೂ ಈ ದಿನ ಜತೆಗಿದ್ದರೆ ಒಂದೇ ಏಟಿಗೆ ಎರಡು ಪಾಠ ಮುಗಿಯುತ್ತವೆ. ೪೦೦ ಪಟ್ಟಿನಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ಇಡಲು ಹೋಗಬಾರದು. ಪಟ್ಟಿಯ ದಪ್ಪದಿಂದ ಮಸೂರಕ್ಕೆ ಗೀರು ಬಿದ್ದೀತು. ಅಲ್ಲಿ ಲೆಕ್ಕವೇ ಕಣ್ಣು.

ಉಳ್ಳಾಗಡ್ಡಿ, ಕೆನ್ನೆ, ಹತ್ತಿ

ತಮಿಳುನಾಡಿನ ಸಂತೆಗಳಲ್ಲಿ ದೊಡ್ಡ ಉಳ್ಳಾಗಡ್ಡಿಯನ್ನು ‘ಬೆಳ್ಳಾರಿ’ ಎಂದೇ ಕರೆಯುತ್ತಾರೆ. ನಮ್ಮ ಊರಿನ ಹೆಸರನ್ನೇ ಹೊತ್ತ ಆ ಗಡ್ಡೆಯಿಂದ ಪಾಠ ಆರಂಭವಾಗುವುದು ಸೂಕ್ತವೇ. ಒಳಪದರದ ತೊಳೆಯೊಂದರ ಒಳಮೈಯಿಂದ ತೆಳುಪೊರೆಯನ್ನು ಸುಲಿದು, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಮಡಿಕೆಯಿಲ್ಲದಂತೆ ಹಾಸಿ, ಒಂದು ತೊಟ್ಟು ಅಯೋಡಿನ್ ದ್ರಾವಣ ಬಿಟ್ಟು, ಕಿರುಗಾಜನ್ನು ಓರೆಯಾಗಿ ಇಳಿಸಿ ಮುಚ್ಚಬೇಕು. ನೇರವಾಗಿ ಮುಚ್ಚಿದರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಕಪ್ಪು ಅಂಚಿನ ದುಂಡನೆಯ ಆ ಗುಳ್ಳೆಗಳನ್ನೇ ಜೀವಕೋಶವೆಂದು ಬರೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

೧೦೦ ಪಟ್ಟಿನಲ್ಲಿ ವೃತ್ತದ ಒಂದು ಅಂಚಿನಿಂದ ಇನ್ನೊಂದಕ್ಕೆ ಕೋಶಗಳ ಉದ್ದದ ದಿಕ್ಕಿನಲ್ಲಿ ಎಣಿಸಿದಾಗ ಆರು ಬಂದವೆನ್ನಿ. ೧,೮೦೦ನ್ನು ಆರರಿಂದ ಭಾಗಿಸಿದರೆ ಒಂದರ ಉದ್ದ ೩೦೦ ಮೈಕ್ರೋಮೀಟರು. ಅಡ್ಡಲಾಗಿ ಇಪ್ಪತ್ತೈದು ಬಂದರೆ ಅಗಲ ೭೨. ಎಂದರೆ ಉಳ್ಳಾಗಡ್ಡಿಯ ಒಂದು ಕೋಶದ ಉದ್ದ ನಿನ್ನೆ ಸುತ್ತಿದ ದಾರದ ದಪ್ಪದಷ್ಟು; ಅಗಲ ತಲೆಗೂದಲಿನಷ್ಟು. ಈ ಮಾತನ್ನು ತಾವೇ ಕಂಡುಹಿಡಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಎಲ್ಲ ಗುಂಪುಗಳಿಗೂ ಒಂದೇ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೋಶಗಳು ಇಟ್ಟಿಗೆಗಳಂತೆ ಒಂದೇ ಅಚ್ಚಿನವಲ್ಲ. ನಾಲ್ಕಾರು ಕಡೆ ಎಣಿಸಿ ಸರಾಸರಿ ತೆಗೆಯುವುದು ವಿಹಿತ. ಪಕ್ಕದವನ ಉತ್ತರಕ್ಕೆ ಸರಿಹೊಂದುವಂತೆ ತನ್ನ ಎಣಿಕೆಯನ್ನು ತಿದ್ದಿಕೊಳ್ಳುವುದು ದೋಷವೆಂದು ಅಧ್ಯಾಪಕರು ಸ್ಪಷ್ಟವಾಗಿ ಹೇಳಬೇಕು.

ಆಮೇಲೆ ಕೆನ್ನೆಯ ಒಳಗಿನ ಕೋಶ. ಪ್ರತಿಯೊಬ್ಬನೂ ಹೊಸದಾದ, ಶುಚಿಯಾದ ಕಡ್ಡಿಯಿಂದ ತನ್ನ ಕೆನ್ನೆಯನ್ನಷ್ಟೇ ಮೆಲ್ಲನೆ ಸವರಿ, ಗಾಜಿಗೆ ಬಳಿದು, ಮಿಥಿಲೀನ್ ನೀಲಿ ಹಾಕಿ ನೋಡಬೇಕು. ಬಳಸಿದ ಕಡ್ಡಿಗಳನ್ನು ಕೂಡಲೇ ಕ್ರಿಮಿನಾಶಕದಲ್ಲಿ ಹಾಕಿಸಬೇಕು. ಈ ಕೋಶಗಳು ಸಾಲಾಗಿ ನಿಂತಿರುವುದಿಲ್ಲ. ಉದುರಿದ ಎಲೆಗಳಂತೆ ಚೆದುರಿರುತ್ತವೆ. ಒಂದನ್ನು ನೋಡಿ, ಇಂಥವು ವೃತ್ತದ ಅಡ್ಡಕ್ಕೆ ಎಷ್ಟು ಹಿಡಿದಾವೆಂದು ಅಂದಾಜು ಮಾಡಬೇಕು. ೪೦೦ ಪಟ್ಟಿನಲ್ಲಿ ಏಳೆಂಟು ಹಿಡಿಯುವಂತಿದ್ದರೆ ಒಂದೊಂದು ಸುಮಾರು ೬೦ ಮೈಕ್ರೋಮೀಟರು. ಉಳ್ಳಾಗಡ್ಡಿಯ ಕೋಶದ ಉದ್ದದ ಐದನೆಯ ಒಂದು ಪಾಲು. ಇಲ್ಲಿ ಒಂದು ಎಚ್ಚರ ಬೇಕು. ಕೆನ್ನೆಯ ಕೋಶವನ್ನು ೪೦೦ ಪಟ್ಟಿನಲ್ಲಿಯೂ ಉಳ್ಳಾಗಡ್ಡಿಯದನ್ನು ೧೦೦ ಪಟ್ಟಿನಲ್ಲಿಯೂ ನೋಡಿದ ಮಗು ಎರಡೂ ಹೆಚ್ಚುಕಡಿಮೆ ಸಮವೆಂದು ಭ್ರಮಿಸುತ್ತದೆ. ಕಂಡ ಗಾತ್ರ ಬೇರೆ, ಇರುವ ಗಾತ್ರ ಬೇರೆ ಎಂಬುದನ್ನು ಮನದಟ್ಟು ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ರಕ್ತಕ್ಕಾಗಿ ಮಕ್ಕಳ ಬೆರಳನ್ನು ಚುಚ್ಚುವುದು ಸಲ್ಲದು. ಸಿದ್ಧಪಡಿಸಿದ ಗಾಜುಪಟ್ಟಿಯನ್ನು ತೋರಿಸಿ ಕೆಂಪು ರಕ್ತಕಣದ ಅಡ್ಡಳತೆ ೭ರಿಂದ ೮ ಮೈಕ್ರೋಮೀಟರೆಂದು ಹೇಳಿದರೆ ಸಾಕು.

ದೊಡ್ಡ ಜೀವಕೋಶಕ್ಕೆ ಪುಸ್ತಕಗಳು ಆಸ್ಟ್ರಿಚ್ ಪಕ್ಷಿಯ ಮೊಟ್ಟೆಯನ್ನು ಉದಾಹರಿಸುತ್ತವೆ. ನಮ್ಮ ಮಕ್ಕಳು ಅದನ್ನು ಕಂಡವರಲ್ಲ. ಎರೆನೆಲದಲ್ಲಿ ಹುಟ್ಟಿ ಬೆಳೆದ ನಮಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಹೊಲದಲ್ಲಿಯೇ ಇದೆ. ಹತ್ತಿಯ ಬೀಜದ ಹೊರಸಿಪ್ಪೆಯಲ್ಲಿರುವ ಒಂದೊಂದು ಕೋಶವೇ ನೀಳವಾಗಿ ಬೆಳೆದು ಅರಳೆಯ ಒಂದೊಂದು ಎಳೆಯಾಗುತ್ತದೆ. ಆ ಇಡೀ ಎಳೆ ಒಂದೇ ಒಂದು ಜೀವಕೋಶ. ಈ ಮಾತನ್ನು ಮೊದಲು ಕೇಳಿದಾಗ ನಾನೇ ನಂಬಲಿಲ್ಲ. ನಮ್ಮ ದೇಶದ ಹತ್ತಿ ವ್ಯಾಪಾರದಲ್ಲಿ ೨೭.೫ರಿಂದ ೩೨ ಮಿಲಿಮೀಟರಿನ ಎಳೆಗೆ ಉದ್ದ ಎಳೆಯೆಂದು ಹೆಸರು. ಎಳೆಯ ಉದ್ದಕ್ಕೆ ತಕ್ಕಂತೆ ಬೆಲೆ ಏರಿಳಿಯುತ್ತದೆ. ಎಂದರೆ ನಮ್ಮ ರೈತನು ತಿಳಿಯದೆಯೇ ಜೀವಕೋಶದ ಉದ್ದಕ್ಕೆ ಬೆಲೆ ಪಡೆಯುತ್ತಿದ್ದಾನೆ!

ಮಕ್ಕಳು ಒಂದು ಎಳೆಯನ್ನು ಬಿಡಿಸಿ, ಕಪ್ಪು ಕಾಗದದ ಮೇಲೆ ನೀಟಾಗಿ ಚಾಚಿ, ಅಳತೆಪಟ್ಟಿಯಿಂದ ಉದ್ದವನ್ನು ಅಳೆಯಲಿ. ೨೮ ಮಿಲಿಮೀಟರು ಬಂದಿತೆನ್ನಿ, ೨೮,೦೦೦ ಮೈಕ್ರೋಮೀಟರು. ಅದೇ ಎಳೆಯನ್ನು ೪೦೦ ಪಟ್ಟಿನಲ್ಲಿ ನೋಡಿದರೆ ಅಂಥವು ಇಪ್ಪತ್ತೈದು ಒತ್ತಾಗಿ ನಿಂತರೆ ವೃತ್ತ ತುಂಬುವಂತಿರುತ್ತದೆ. ದಪ್ಪ ೧೮ ಮೈಕ್ರೋಮೀಟರು. ದಪ್ಪಕ್ಕಿಂತ ಉದ್ದ ಸಾವಿರದ ಐನೂರು ಪಟ್ಟಿಗೂ ಹೆಚ್ಚು. ಈಗ ‘ಯಾವುದಕ್ಕಿಂತ?’ ಎಂದು ಕೇಳಿ ನೋಡಿ. ಹತ್ತಿಯ ಕೋಶವು ಉಳ್ಳಾಗಡ್ಡಿಯ ಕೋಶಕ್ಕಿಂತ ಉದ್ದದಲ್ಲಿ ತೊಂಬತ್ತು ಪಟ್ಟಿಗೂ ಮಿಗಿಲು ದೊಡ್ಡದು. ದಪ್ಪದಲ್ಲಿ ಕೆನ್ನೆಯ ಕೋಶದ ಅಗಲದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ದೊಡ್ಡದೋ ಸಣ್ಣದೋ? ಯಾವ ದಿಕ್ಕಿನಲ್ಲಿ ಅಳೆದೆ ಎಂಬುದನ್ನು ಹೇಳದೆ ಉತ್ತರವಿಲ್ಲ. ‘ಜೀವಕೋಶ ಬರಿಗಣ್ಣಿಗೆ ಕಾಣದು’ ಎಂದು ನಾನು ಪೂರ್ಣಾಂಕ ಕೊಟ್ಟ ಉತ್ತರವು ಒಂದು ಹತ್ತಿಯ ಎಳೆಯ ಮುಂದೆ ನಿಲ್ಲಲಿಲ್ಲ.

ಸಾವಿರ ಪಟ್ಟಿನ ಅಂಗಳ

ಅಂಕಿಗಳು ಮನಸ್ಸಿನಲ್ಲಿ ನೆಲೆಯೂರಬೇಕಾದರೆ ಅವನ್ನು ಒಮ್ಮೆ ನೆಲದ ಮೇಲೆ ಬರೆದು ನೋಡಬೇಕು. ಇದಕ್ಕೆ ವಿಶಾಲವಾದ ಅಂಗಳ ಬೇಕು; ಕುರುಗೋಡಿನಂಥ ಊರುಗಳ ಶಾಲೆಗಳಿಗೆ ಅದು ಅನುಕೂಲ. ಎಲ್ಲವನ್ನೂ ಸಾವಿರ ಪಟ್ಟು ಹಿಗ್ಗಿಸಿದೆವೆಂದುಕೊಳ್ಳೋಣ. ಆಗ ಮೈಕ್ರೋಮೀಟರು ಮಿಲಿಮೀಟರಾಗುತ್ತದೆ, ಮಿಲಿಮೀಟರು ಮೀಟರಾಗುತ್ತದೆ. ಸುಣ್ಣದ ಪುಡಿಯಿಂದ ಗೆರೆ ಎಳೆಯಿಸಿರಿ. ಉಳ್ಳಾಗಡ್ಡಿಯ ಕೋಶ ೩೦ ಸೆಂಟಿಮೀಟರು ಉದ್ದದ ನೀಳ ಇಟ್ಟಿಗೆ. ಕೆನ್ನೆಯ ಕೋಶ ಅಂಗೈಯಲ್ಲಿ ಹಿಡಿಯುವ ಆರು ಸೆಂಟಿಮೀಟರಿನ ಹಪ್ಪಳ. ರಕ್ತಕಣ ಅಂಗಿಯ ಸಣ್ಣ ಗುಂಡಿ. ಮೊಸರಿನಲ್ಲಿರುವ ಬ್ಯಾಕ್ಟೀರಿಯ ಶ್ಯಾವಿಗೆಯ ಮುರುಕು. ಹತ್ತಿಯ ಎಳೆ ಬಾವಿಯ ಹಗ್ಗದ ದಪ್ಪದ್ದು. ಆದರೆ ಅಂಗಳದ ಈ ತುದಿಯಿಂದ ಆ ತುದಿಗೆ ೨೮ ಮೀಟರು ಚಾಚಿಕೊಳ್ಳುತ್ತದೆ. ಗೆರೆ ಎಳೆದ ಹುಡುಗನೋ ಒಂದೂವರೆ ಕಿಲೋಮೀಟರು ಎತ್ತರ ಬೆಳೆದು, ಬಳ್ಳಾರಿಯ ಕೋಟೆಗುಡ್ಡವನ್ನು ಕಾಲಕೆಳಗೆ ನೋಡುತ್ತಾನೆ!

ಕುರುಗೋಡಿನ ದೊಡ್ಡಬಸವೇಶ್ವರನ ಬೃಹನ್ಮೂರ್ತಿ ಏಕಶಿಲೆಯದು. ಜೀವಿಯ ದೇಹ ಹಾಗಲ್ಲ. ಅದು ಇಟ್ಟಿಗೆಯ ಗೋಡೆಯಂತೆ ಕಟ್ಟಿದ್ದು. ದೊಡ್ಡ ಗೋಡೆಗೆ ದೊಡ್ಡ ಇಟ್ಟಿಗೆ ಬೇಕಿಲ್ಲ, ಹೆಚ್ಚು ಇಟ್ಟಿಗೆ ಬೇಕು. ಹಾಗೆಯೇ ಆನೆಯ ದೇಹದ ಹೆಚ್ಚಿನ ಕೋಶಗಳು ಇಲಿಯವಕ್ಕಿಂತ ಗಾತ್ರದಲ್ಲಿ ಹೇಳಿಕೊಳ್ಳುವಷ್ಟು ದೊಡ್ಡವಲ್ಲ. ಸಂಖ್ಯೆಯಲ್ಲಿ ಮಾತ್ರ ಅಪಾರ. ಕೋಶಗಳೇಕೆ ಇಷ್ಟು ಸಣ್ಣವೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂದೇ ತೂಕದ ಬೆಲ್ಲದಲ್ಲಿ ಒಂದು ಉಂಡೆಯನ್ನು ಇಡಿಯಾಗಿಯೂ ಇನ್ನೊಂದನ್ನು ಪುಡಿ ಮಾಡಿಯೂ ನೀರಿಗೆ ಹಾಕಿ ತೋರಿಸಿರಿ; ಪುಡಿಯೇ ಬೇಗ ಕರಗುತ್ತದೆ. ವಸ್ತು ಸಣ್ಣದಾದಷ್ಟೂ ಒಡಲಿಗೆ ಹೋಲಿಸಿದರೆ ಹೊರಮೈ ಹೆಚ್ಚು. ಕೋಶವು ಆಹಾರ, ಗಾಳಿಗಳನ್ನು ಒಳಗೊಳ್ಳುವುದೂ ಕಸವನ್ನು ಹೊರಹಾಕುವುದೂ ಹೊರಮೈಯ ಮೂಲಕವೇ. ಉದ್ದವಾಗಿ ಬೆಳೆದ ಹತ್ತಿಯ ಕೋಶವೂ ದಪ್ಪದಲ್ಲಿ ತೆಳ್ಳಗೇ ಉಳಿದಿರುವುದರಿಂದ ಅದರ ಒಳಗಿನ ಯಾವ ಭಾಗವೂ ಹೊರಮೈಗೆ ದೂರವಾಗಿಲ್ಲ.

ಸಹೃದಯರಲ್ಲಿ ಬಿನ್ನಹ

ಈ ಪಾಠಕ್ಕೆ ಬೇಕಾದುದು ಒಂದು ಸೂಕ್ಷ್ಮದರ್ಶಕ, ಒಂದು ಪ್ಲಾಸ್ಟಿಕ್ ಪಟ್ಟಿ, ಒಂದು ಉಳ್ಳಾಗಡ್ಡಿ, ಒಂದು ಹಿಡಿ ಅರಳೆ. ದಾನಿಗಳು ಪ್ರೀತಿಯಿಂದ ಕೊಟ್ಟ ಯಂತ್ರವನ್ನು ಒಡೆದೀತೆಂಬ ಭಯದಿಂದ ಕಪಾಟಿನಲ್ಲಿಟ್ಟು ಬೀಗ ಹಾಕಿದ ಒಂದು ಶಾಲೆಯನ್ನು ನಾನು ಬಲ್ಲೆ. ಮಸೂರಕ್ಕೆ ಬೂಷ್ಟು ಹಿಡಿದುದೊಂದೇ ಫಲ. ಬಳಕೆಯಲ್ಲಿ ಸವೆದ ಯಂತ್ರವೇ ದಾನಿಗೆ ಸಂದ ಗೌರವ. ಯಂತ್ರವಿಲ್ಲದ ಕಡೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭಾರತ ಸಂಜಾತರಾದ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿ ೨೦೧೪ರಲ್ಲಿ ಲೋಕಕ್ಕೆ ಪರಿಚಯಿಸಿದ ‘ಫೋಲ್ಡ್‌ಸ್ಕೋಪ್’ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ಬಳಸಬಹುದು. ಸುಮಾರು ೧೪೦ ಪಟ್ಟು ಹಿಗ್ಗಿಸುವ ಅದರಲ್ಲಿ ಉಳ್ಳಾಗಡ್ಡಿಯ ಕೋಶ ಚೆನ್ನಾಗಿ ಕಾಣುತ್ತದೆ. ಅಧ್ಯಾಪಕರಿಗೆ ಬೇಕಾದುದು ಮೂರು ಅವಧಿಗಳ ವೇಳೆ, ಮತ್ತು ತಪ್ಪು ಉತ್ತರ ಬಂದಾಗ ‘ಹೇಗೆ ಅಳೆದೆ?’ ಎಂದು ಕೇಳುವ ತಾಳ್ಮೆ.

ಆ ತಾಳ್ಮೆ ಅಂದು ನನಗಿರಲಿಲ್ಲ. ವಿಜ್ಞಾನದ ಅಧ್ಯಾಪಕರು ಮರಳಿದ ಮೇಲೆ ಅವರೊಡನೆ ಕುಳಿತು ಮೇಲಿನ ಕ್ರಮವನ್ನೆಲ್ಲ ಕಲಿತೆನು. ಆ ಹುಡುಗನೂ ನಮ್ಮೊಡನಿದ್ದನು. ಉಳ್ಳಾಗಡ್ಡಿಯ ಕೋಶ ೩೦೦ ಮೈಕ್ರೋಮೀಟರೆಂದು ಅವನೇ ಎಣಿಸಿ ತೆಗೆದನು. ಪುಸ್ತಕದ ಚಿತ್ರದ ೪ ಸೆಂಟಿಮೀಟರೆಂದರೆ ೪೦,೦೦೦ ಮೈಕ್ರೋಮೀಟರು. ೩೦೦ರಿಂದ ಭಾಗಿಸಿದರೆ ೧೩೩. ಚಿತ್ರ ಬರೆದವರು ಕೋಶವನ್ನು ಸುಮಾರು ೧೩೩ ಪಟ್ಟು ಹಿಗ್ಗಿಸಿ ಬರೆದಿದ್ದಾರೆಂದು ಗೊತ್ತಾಯಿತು. ಈ ಲೆಕ್ಕಕ್ಕೆ ಅವನ ನಾಲ್ಕು ಸೆಂಟಿಮೀಟರು ಇಲ್ಲದಿದ್ದರೆ ಆಗುತ್ತಿರಲಿಲ್ಲ. ಅವನು ಬರೆದಿದ್ದುದು ಅರ್ಧ ಉತ್ತರ. ಉಳಿದರ್ಧವನ್ನು ಕಲಿಸಬೇಕಾಗಿದ್ದವರು ನಾವು. ಉತ್ತರಪತ್ರಿಕೆಯನ್ನು ತರಿಸಿಕೊಂಡು ನಾನು ಹಾಕಿದ್ದ ಸೊನ್ನೆಯನ್ನು ಹೊಡೆದುಹಾಕಿ, ತಕ್ಕ ಅಂಕವನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಿದೆನು.